ತೊಟ್ಟಿಲ ಗುಂಡಿನ ಕೆಳಗಿನ ಮಳೆಗಾಲ

ಈ ಸಲದ ಮೊದಲ ಮಳೆ ಬಂದಾಗ ನಾನು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿದ್ದೆ. ಭತ್ತ ಒಣಗಿಸುವ ಯಂತ್ರದ ಬಿಸಿ ತೋರಿಸುವ ಅಂಕಿಗಳು ಒಂದು ಕಡೆ ನಿಲ್ಲದೆ ಕುಣಿಯುತ್ತಿವೆ ಎಂದು ಕರೆಸಿದ್ದರು. ಸಡಿಲವಾಗಿದ್ದ ಒಂದು ತಂತಿಗೆ ಬೆಸುಗೆ ಹಾಕಲು ಕೂತೆ. ಬೆಸುಗೆಯ ರಾಳ ಕರಗಿ ಹೊಗೆ ಏಳುವುದಕ್ಕೂ ಹೊರಗೆ ಎರೆನೆಲದ ಮೇಲೆ ಹನಿ ಬೀಳುವುದಕ್ಕೂ ಸರಿಹೋಯಿತು. ಆ ಎರಡು ವಾಸನೆ ಒಟ್ಟಿಗೆ ಬಂದದ್ದೇ, ಕೈ ನಿಂತಿತು. ವರ್ಷಗಳ ಹಿಂದೆ ಕುರುಗೋಡಿನ ಗುಡ್ಡದ ಬುಡದಲ್ಲಿ ನಾನು ಮತ್ತು ಶೇಖರ ಕಳೆದಿದ್ದ ಒಂದು ಮಳೆಗಾಲಕ್ಕೂ ಇದೇ ವಾಸನೆ ಇತ್ತು.

ಇತ್ತು ಎಂದು ನೆನಪು, ಅಷ್ಟೆ. ನಾನು ಓದಿದ್ದು ಅಳತೆಯ ಶಾಸ್ತ್ರ. ಅಂಕಿ ವಿಚಿತ್ರವಾಗಿ ಬಂದರೆ ಮೊದಲು ಅಳೆಯುವ ಸಾಧನವನ್ನೇ ಅನುಮಾನಿಸು ಎಂದು ನಮಗೆ ಕಲಿಸಿದ್ದರು. ವಯಸ್ಸಾದಂತೆ ಆ ಅನುಮಾನವನ್ನು ನನ್ನ ತಲೆಯ ಮೇಲೂ ಇಡಬೇಕಾಗಿದೆ. ಹಾಗಾಗಿ ಶೇಖರನ ನೆನಪು ನನ್ನದಕ್ಕಿಂತ ಬೇರೆಯಿರುವ ಕಡೆ ಅದನ್ನೂ ಹೇಳಿಬಿಡುತ್ತೇನೆ.

ಆಗ ನಾನು ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಶೇಖರ ನಮ್ಮ ವಿಭಾಗದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ. ಆಂಧ್ರ ಗಡಿಯ ಕಡೆಯವನು, ಬೇಸರವಾದರೆ ತೆಲುಗಿಗೆ ಇಳಿಯುತ್ತಿದ್ದ. ಕುರುಗೋಡಿನ ಗುಡ್ಡದ ಮೇಲೆ ಜನ ತೊಟ್ಟಿಲ ಗುಂಡು ಎಂದು ಕರೆಯುವ ಒಂದು ದೊಡ್ಡ ಬಂಡೆಯಿದೆ. ಚಪ್ಪಟೆಯ ಹಾಸುಗಲ್ಲಿನ ಮೇಲೆ ಓರೆಯಾಗಿ ಒರಗಿಕೊಂಡಿದೆ. ಹಿಂದಿನ ಮಳೆಗಾಲದಲ್ಲಿ ಅದರ ಬುಡದಲ್ಲಿ ಬಿರುಕು ಕಂಡಿತ್ತು. ನೇರ ಕೆಳಗೆ ಇದ್ದದ್ದು ಒಂದೇ ಮನೆ. ಅದರಲ್ಲಿ ಹುಸೇನ್‌ಬಿ, ಅವರ ಗಂಡ ಕಾಸಿಂಸಾಬ್, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಮಳೆಗಾಲ ಮುಗಿಯುವವರೆಗೆ ಬಿರುಕು ಅಗಲವಾಗುತ್ತದೆಯೋ ಇಲ್ಲವೋ ಎಂದು ಅಳೆದು ಹೇಳುವ ಕೆಲಸ ನಮ್ಮ ಕಾಲೇಜಿಗೆ ಬಂತು. ಅಗಲವಾದರೆ ಆ ಮನೆ ಖಾಲಿ ಮಾಡಿಸಬೇಕು. ಇಲ್ಲವಾದರೆ ಅವರು ಇರಬಹುದು.

ಮನೆ ಖಾಲಿ ಮಾಡುವುದೆಂದರೆ ಅವರಿಗೆ ಬರಿ ಗೋಡೆಗಳನ್ನು ಬಿಡುವುದಲ್ಲ. ಕಾಸಿಂಸಾಬ್ ಗೌಂಡಿ, ಮಳೆ ಹಿಡಿದರೆ ಅವರ ಕಟ್ಟಡದ ಕೆಲಸ ನಿಲ್ಲುತ್ತಿತ್ತು. ಆ ತಿಂಗಳುಗಳಲ್ಲಿ ಮನೆ ನಡೆಯುತ್ತಿದ್ದದ್ದು ಹುಸೇನ್‌ಬಿಯವರ ಹೊಲಿಗೆಯಿಂದ. ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆ ಗಂಟುಗಟ್ಟಿ ಬೈಕಿನಲ್ಲಿ ಬರುತ್ತಿತ್ತು. ಇವರು ಅದಕ್ಕೆ ಜೇಬು ಹೊಲಿದು ಕಳಿಸುತ್ತಿದ್ದರು. ಪಡಸಾಲೆಯಲ್ಲಿ ಮೋಟಾರಿನ ಹೊಲಿಗೆ ಮಿಷನ್ನು, ಅದರ ಸುತ್ತ ನೀಲಿ ನೂಲಿನ ಎಳೆಗಳು, ಇಡೀ ಮನೆಗೆ ಹೊಸ ಜೀನ್ಸಿನ ಗಂಜಿವಾಸನೆ.

ನಾವು ಬಂಡೆಯಿಂದ ಕೆಳಕ್ಕೆ ಅಳತೆಯ ಕೇಬಲ್ ಎಳೆಯುತ್ತಿದ್ದಾಗ ಹುಸೇನ್‌ಬಿ ಹೊರಗೆ ಬಂದು ನಿಂತರು.

"ಎಲ್ಲೀ ಮಟ ಇರ್ತೈತ್ರಿ ಸರ ಈ ವೈರು?"

"ಮಳೆಗಾಲ ಮುಗಿಯೋ ತನಕ ಅಕ್ಕ. ಆಮೇಲೆ ಹೇಳ್ತೀವಿ" ಎಂದೆ.

"ಆಮ್ಯಾಲ ಹೇಳ್ತೀರಿ. ಅಷ್ಟ್ರಾಗ ಅದು ಕೆಳಗ ಬಂದು ಕುಂತಿದ್ರ ಯಾರಿಗೆ ಹೇಳ್ತೀರಿ?"

ಶೇಖರ ನಕ್ಕ. "ಹಂಗಾಗಂಗಿಲ್ಲಕ್ಕ. ಗುಂಡು ಉಸುರಾಡಿದ್ರ ಸಾಕು, ನಮಗ ಫೋನ್ ಬರ್ತೈತಿ."

ಅವನ ಮಾತು ಸುಳ್ಳಲ್ಲ. ಬಿರುಕಿನ ಎರಡೂ ಅಂಚಿಗೆ ಕಬ್ಬಿಣದ ಮೊಳೆ ಬಡಿದು ನಡುವೆ ಬೆರಳುದ್ದದ ಕೊಳವೆಯೊಂದನ್ನು ಬಿಗಿದಿದ್ದೆವು. ಬಿರುಕು ಕೂದಲೆಳೆಯಷ್ಟು ಬಿಟ್ಟುಕೊಂಡರೂ ಅದರೊಳಗಿನ ಕಡ್ಡಿ ಸರಿದು, ತಂತಿಯಲ್ಲಿ ಬರುವ ವೋಲ್ಟೇಜ್ ಅಷ್ಟೇ ಸಣ್ಣದಾಗಿ ಬದಲಾಗುತ್ತಿತ್ತು. ಕೇಬಲ್ಲು ಹುಸೇನ್‌ಬಿಯವರ ಹಿತ್ತಲ ಪಕ್ಕದಲ್ಲೇ ಇಳಿದು ಗುಡ್ಡದ ಬುಡದ ಪಂಪು ಕೋಣೆಗೆ ಬರುತ್ತಿತ್ತು. ಅಲ್ಲಿಟ್ಟಿದ್ದ ನಮ್ಮ ಪೆಟ್ಟಿಗೆ ಆ ವೋಲ್ಟೇಜನ್ನು ದೊಡ್ಡದು ಮಾಡಿ, ಸ್ವಲ್ಪ ಹೊತ್ತಿನ ಸರಾಸರಿ ತೆಗೆದು, ಬಳ್ಳಾರಿಯ ನಮ್ಮ ಕಂಪ್ಯೂಟರಿಗೆ ಕಳಿಸುತ್ತಿತ್ತು. ಆ ಸರಾಸರಿ ನಾವಿಟ್ಟ ಮಿತಿ ದಾಟಿದರೆ ನಮಗೆ ತಾನಾಗಿ ಫೋನು ಬರುತ್ತಿತ್ತು.

ಕಾರಹುಣ್ಣಿಮೆ ಕಳೆದರೂ ಮಳೆ ಬರಲಿಲ್ಲ. ಬಂಡೆಗಳು ಕಾದು ಸಂಜೆಯಾದರೂ ಅವುಗಳ ಪಕ್ಕ ನಿಲ್ಲಲಾಗುತ್ತಿರಲಿಲ್ಲ. ಪರದೆಯ ಮೇಲೆ ಆ ಸರಾಸರಿಯ ಗೆರೆ ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿತ್ತು. ಇಷ್ಟು ಸುಲಭದ ಕೆಲಸವೇ ಎಂದು ನನಗೆ ಬೇಸರವೂ ಆಗುತ್ತಿತ್ತು.

ಮಳೆ ಹಿಡಿದ ವಾರವೇ ಫೋನು ಬಂತು. ಗೆರೆ ಕೆಳಗೆ ಜಾರಿ ಮಿತಿ ದಾಟಿತ್ತು. ನಮ್ಮ ಲೆಕ್ಕದಲ್ಲಿ ಅದರರ್ಥ ಬಿರುಕು ಬಾಯಿ ಬಿಟ್ಟಿದೆ. ಈ ಕೆಲಸ ಒಪ್ಪಿಸಿದ್ದ ಬಳ್ಳಾರಿಯ ಅಧಿಕಾರಿಗೆ ನಾನು ತಿಳಿಸಿದೆ. ಅವರು ಅಂದೇ ಮನೆಯವರನ್ನು ಸಮುದಾಯ ಭವನಕ್ಕೆ ಕಳಿಸಿದರು. ಕಾಸಿಂಸಾಬ್ ತಾಯಿಯನ್ನು ಬೆನ್ನಮೇಲೆ ಹೊತ್ತು ಇಳಿಸಿದರು. ಹುಸೇನ್‌ಬಿ ಮಿಷನ್ನಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಟ್ಟಿ ಬಂದರು. ಭವನದಲ್ಲಿ ಅದನ್ನು ಇಡಲು ಜಾಗವೂ ಇರಲಿಲ್ಲ, ಸರಿಯಾದ ಪ್ಲಗ್ಗೂ ಇರಲಿಲ್ಲ.

ಅವರು ಹೊರಟ ಮೇಲೆ ಗೆರೆ ಹಿಂದಿನ ಜಾಗಕ್ಕೆ ಬಂದು ಕೂತಿತು.

ಬಾಯಿ ಬಿಟ್ಟ ಕಲ್ಲು ತಾನಾಗಿ ಬಾಯಿ ಮುಚ್ಚುವುದಿಲ್ಲ. ಆದರೂ ನಾನು ಬಿಸಿಲು, ತಂಪು, ಕಲ್ಲು ಹಿಗ್ಗುವುದು, ಕುಗ್ಗುವುದು ಎಂದೆಲ್ಲ ಒಂದು ವಿವರಣೆ ಕಟ್ಟಿದೆ. ಅಧಿಕಾರಿ ಒಪ್ಪಿದರು. ಮನೆಯವರು ವಾಪಸು ಹೋದರು. ಮಳೆ ಇನ್ನೂ ಬಿಟ್ಟಿರಲಿಲ್ಲ. ಅವರು ಹೋಗಿ ಒಲೆ ಹಚ್ಚಿದ್ದೇ ತಡ, ಗೆರೆ ಮತ್ತೆ ಜಾರಿತು. ಮತ್ತೆ ಫೋನು, ಮತ್ತೆ ಮುದುಕಿಯನ್ನು ಹೊತ್ತು ಇಳಿಸುವುದು. ಗೆರೆ ಮತ್ತೆ ಮೇಲೆ ಬಂತು. ಈ ಎರಡನೆಯ ಸಲ ಅದು ಪೂರ್ತಿ ಹಳೆಯ ಜಾಗಕ್ಕೇ ಬಂತೆಂದು ನನ್ನ ನೆನಪು. ಇಲ್ಲ, ಸ್ವಲ್ಪ ಕೆಳಗೇ ಉಳಿಯಿತು ಎನ್ನುತ್ತಾನೆ ಶೇಖರ. ಈ ಮಾತಿಗೆ ನಾವಿಬ್ಬರೂ ಎಷ್ಟು ಸಲ ಜಗಳವಾಡಿದ್ದೇವೋ. ಆಗ ಅದು ದೊಡ್ಡ ಸಂಗತಿ ಅನ್ನಿಸಿರಲಿಲ್ಲ.

ಪಕ್ಕದ ಓಣಿಯ ಗಂಗಮ್ಮ ಎಂಬ ಮುದುಕಿ ಪಂಪು ಕೋಣೆಗೆ ಬಂದು ನಮ್ಮ ಲ್ಯಾಪ್‌ಟಾಪಿನ ಪರದೆ ನೋಡಿದಳು. ವಿವರಿಸಿದೆ.

"ಅಂದ್ರ ಮಂದಿ ಇದ್ರ ಅಲುಗ್ತೈತಿ, ಮಂದಿ ಹೋದ್ರ ಸುಮ್ಕಾಗ್ತೈತಿ" ಎಂದಳು.

"ಹಂಗೆಲ್ಲ ಇರಲ್ಲಮ್ಮ."

"ಇರಲ್ಲ ಅಂತೀಯಲ್ಲಪ್ಪ, ನಿನ್ನ ಟೀವಿಯಾಗ ಹಂಗ ಐತಿ. ಖಾಲಿ ತೊಟ್ಲ ಯಾರು ತೂಗ್ತಾರ, ಹೇಳು?"

ಶೇಖರ ಮುಖ ಆಚೆ ತಿರುಗಿಸಿ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಅವಳ ಮಾತು ಹುಚ್ಚುಮಾತು ಎನ್ನಲು ನನ್ನ ಬಳಿ ಒಂದೂ ಅಂಕಿ ಇರಲಿಲ್ಲ.

ಆಮೇಲೆ ನಾವು ಸರಾಸರಿಯನ್ನು ಬಿಟ್ಟು, ತಂತಿಯಲ್ಲಿ ಕ್ಷಣಕ್ಷಣಕ್ಕೆ ಏನು ಬರುತ್ತಿದೆ ಎಂದು ನೋಡಿದೆವು. ಅಷ್ಟು ಹೊತ್ತಿಗೆ ಮನೆಯವರು ಯಾರ ಮಾತೂ ಕೇಳದೆ ಮರಳಿ ಮನೆಗೇ ಹೋಗಿದ್ದರು. ಗೆರೆ ಇರಬೇಕಾದ ಕಡೆ ದಪ್ಪನೆಯ ಪಟ್ಟಿ ಇತ್ತು. ಹಿಗ್ಗಿಸಿ ನೋಡಿದರೆ ಅದು ಅಲೆ, ಮನೆಮನೆಗೆ ಬರುವ ಕರೆಂಟಿನ ಅಲೆ. ನಮ್ಮ ಕಸುಬಿನವರು ಇದಕ್ಕೆ ಗದ್ದಲ ಎನ್ನುತ್ತಾರೆ. ಕಿವಿಗೆ ಕೇಳುವಂಥದ್ದಲ್ಲ, ಬೇಡದ ಕರೆಂಟು ಬೇಕಾದ ಸಂಕೇತದೊಳಗೆ ಬಂದು ಸೇರುವುದು. ನಮ್ಮ ಪೆಟ್ಟಿಗೆ ಇಷ್ಟು ವೋಲ್ಟೇಜಿನವರೆಗೆ ಮಾತ್ರ ಅಳೆಯಬಲ್ಲದು ಎಂಬ ಮಿತಿಯಿತ್ತು. ಅಲೆಯ ತಲೆ ಆ ಮಿತಿಗೆ ತಗುಲಿ ಕತ್ತರಿಸಿಹೋಗಿ, ಬುಡ ಮಾತ್ರ ಉಳಿಯುತ್ತಿತ್ತು. ತಲೆಯಿಲ್ಲದ ಅಲೆಯ ಸರಾಸರಿ ತೆಗೆದರೆ ಅದು ಕೆಳಗೆ ಬೀಳಲೇಬೇಕು. ಆ ಬೀಳುವಿಕೆಯನ್ನು ನಾವು ಬಂಡೆಯದು ಎಂದು ಓದಿ, ಒಂದು ಸಂಸಾರವನ್ನು ಎರಡು ಸಲ ಎಬ್ಬಿಸಿ ಕಳಿಸಿದ್ದೆವು.

ಕರೆಂಟು ಎಲ್ಲಿಂದ ಬರುತ್ತಿದೆ? ಪೆಟ್ಟಿಗೆಯ ಬಾಯಲ್ಲೇ ಎರಡು ತಂತಿ ಕೂಡಿಸಿ ನೋಡಿದೆವು, ಗದ್ದಲ ಮಾಯ. ಅಂದರೆ ಪೆಟ್ಟಿಗೆ ಸರಿಯಾಗಿದೆ. ಗುಡ್ಡ ಹತ್ತಿ ಬಂಡೆಯ ಬಳಿ ಕೂಡಿಸಿದರೆ ಗದ್ದಲ ಹಾಗೇ ಇತ್ತು, ಅಂದರೆ ಕರೆಂಟು ಪೆಟ್ಟಿಗೆಯ ಹೊರಗಿನಿಂದಲೇ ಬರುತ್ತಿದೆ. ಪಂಪು ನಿಲ್ಲಿಸಿದೆವು, ಏನೂ ಬದಲಾಗಲಿಲ್ಲ. ಚಾರ್ಜರು ಕಿತ್ತು ಎಲ್ಲವನ್ನೂ ಬ್ಯಾಟರಿಯ ಮೇಲೆ ನಡೆಸಿದೆವು, ಪಟ್ಟಿ ತುಸು ತೆಳ್ಳಗಾಯಿತು, ಅಷ್ಟೆ. ಕೇಬಲ್ಲಿನ ಹೊರಕವಚವನ್ನು ಎರಡೂ ತುದಿಯಲ್ಲಿ ನೆಲಕ್ಕೆ ಕೊಟ್ಟಿದ್ದೆವು. ಹಾಗೆ ಮಾಡಿದರೆ ನೆಲದಲ್ಲಿ ಹರಿಯುವ ಕರೆಂಟಿಗೆ ನಾವೇ ದಾರಿ ಮಾಡಿಕೊಟ್ಟಂತೆ ಎಂದು ಹೊಳೆದು, ಒಂದು ತುದಿ ಕತ್ತರಿಸಿದೆವು. ಇದೇ ಇರಬೇಕು ಎಂದುಕೊಂಡು ಇಬ್ಬರೂ ಪರದೆಯ ಮುಂದೆ ಕೂತೆವು. ಪಟ್ಟಿ ಅರ್ಧಕ್ಕರ್ಧ ಇಳಿದು ಅಲ್ಲೇ ನಿಂತಿತು.

ಮಳೆ ಸುರಿಯುತ್ತಲೇ ಇತ್ತು. ಗುಡ್ಡದ ಕಲ್ಲುಗಳು ಪಾಚಿಗಟ್ಟಿ, ಹತ್ತುವಾಗ ಶೇಖರ ಜಾರಿ ಮೊಣಕಾಲು ತರಚಿಕೊಂಡ. ಅವನಿಗೆ ಕುಡತಿನಿಯ ವಿದ್ಯುತ್ ಸ್ಥಾವರದ ಕಡೆಯಿಂದ ಬರುವ ದೊಡ್ಡ ತಂತಿಗಳ ಮೇಲೆ ಅನುಮಾನ. ಆದರೆ ಆ ತಂತಿಗಳು ಹಗಲೂ ರಾತ್ರಿ ಹರಿಯುತ್ತವೆ. ನಮ್ಮ ಗದ್ದಲ ಹಾಗಿರಲಿಲ್ಲ. ಬರುತ್ತಿತ್ತು, ನಿಲ್ಲುತ್ತಿತ್ತು, ಮಧ್ಯಾಹ್ನ ಒಂದಷ್ಟು ಹೊತ್ತು ಪೂರ್ತಿ ಇರುತ್ತಿರಲಿಲ್ಲ.

"ಇದಕ್ಕ ಹಸಿವಾಗ್ತೈತಲೇ" ಎಂದ ಶೇಖರ. "ನೋಡು, ಊಟಕ್ಕ ಹೋಗಿ ಬರ್ತೈತಿ."

ತಮಾಷೆಗೆ ಹೇಳಿದ್ದು. ಊಟ ಮಾಡಿ ಬರುವ ಗದ್ದಲ ಎಂದರೆ ಅದರ ಹಿಂದೆ ಮನುಷ್ಯರಿದ್ದಾರೆ ಎಂದು ನಮ್ಮಿಬ್ಬರಿಗೂ ತಕ್ಷಣ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬೇರೆ ಕೇಬಲ್ ತರಿಸಬೇಕು ಎಂದು ಮಾತಾಡಿಕೊಳ್ಳುತ್ತ ಕುಡಿಯುವ ನೀರಿಗೆ ಹುಸೇನ್‌ಬಿಯವರ ಮನೆಗೆ ಹೋದೆವು.

ಅವರು ಆಗತಾನೆ ಊಟ ಮುಗಿಸಿದ್ದರು. ನಮಗೆ ನೀರು ಕೊಟ್ಟು, ಇನ್ನೊಂದು ಬಿಂದಿಗೆ ನೀರು ತೆಗೆದುಕೊಂಡು ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲದಿಂದ ಒಂದು ಕಬ್ಬಿಣದ ಸಲಾಕೆ ಮೇಲೆದ್ದಿತ್ತು, ಅದಕ್ಕೊಂದು ತಂತಿ ಸುತ್ತಿತ್ತು. ನೀರನ್ನು ಅದರ ಬುಡಕ್ಕೆ ಸುರಿದು ಒಳಗೆ ಬಂದು ಮಿಷನ್ನಿಗೆ ಕೂತರು.

"ಮಳೆ ಬರ್ತಾ ಇದೆಯಲ್ಲ ಅಕ್ಕ, ನೀರು ಯಾಕೆ?" ಎಂದೆ.

"ರೂಢಿ ಆಗೇತ್ರಿ. ಬ್ಯಾಸಿಗ್ಯಾಗ ಉಪ್ಪಿನ ನೀರು ಹಾಕ್ತೀವಿ. ಹಾಕ್ಲಿಲ್ಲಂದ್ರ ಮಿಷನ್ ಓಡಂಗಿಲ್ಲ. ಕಂಬದಾಗಿಂದ ಬರೋ ಎರಡನೇ ವೈರು ಗಾಳಿಗೆ ಹರದೈತಿ. ಇವ್ರು ನೆಲಕ್ಕ ಕೊಟ್ಟಾರ."

ಕಾಸಿಂಸಾಬ್ ತಲೆ ತುರಿಸಿಕೊಂಡರು. "ಎಲ್ಲಾರೂ ಮಾಡ್ತಾರ್ರಿ ಸರ. ಹೊಲದ ಮೋಟ್ರಿಗೂ ಹಂಗ."

ಎಲ್ಲರೂ ಮಾಡುತ್ತಾರೆ, ನಿಜ. ಕರೆಂಟು ಹಿಂದಿರುಗುವ ತಂತಿ ಕಡಿದರೆ ರಿಪೇರಿಯವರು ಬರುವವರೆಗೆ ನೆಲವನ್ನೇ ತಂತಿ ಮಾಡಿಕೊಳ್ಳುವುದು ನಮ್ಮ ಕಡೆ ಊರೂರಲ್ಲಿ ಇದೆ. ಜೀವಕ್ಕೆ ಅಪಾಯ ಎಂದು ಹೇಳುತ್ತೇವೆ, ಹೂಂ ಎನ್ನುತ್ತಾರೆ. ಹೀಗೆ ಮಿಷನ್ನಿನ ಕರೆಂಟು ಸಲಾಕೆಯಿಂದ ಹಸಿನೆಲಕ್ಕೆ ಇಳಿದು ನಮ್ಮ ಕೇಬಲ್ಲಿನ ಪಕ್ಕದಲ್ಲೇ ಹರಿಯುತ್ತಿತ್ತು. ಮೇಲೆ ಬಂಡೆಯ ಮೊಳೆಗೆ ಬಿಗಿದ ಕೊಳವೆಯೊಳಗೆ ಮಳೆನೀರು ಸೇರಿ, ತಂತಿಗೂ ಬಂಡೆಗೂ ಸಂಪರ್ಕವಾಗಿತ್ತು. ಕರೆಂಟಿಗೆ ನಮ್ಮ ಕೇಬಲ್ಲೂ ಒಂದು ದಾರಿಯಾಯಿತು. ಅವರು ಹೊಲಿದರೆ ಬಂಡೆ ಅಲುಗುತ್ತಿತ್ತು. ಅವರನ್ನು ಎಬ್ಬಿಸಿ ಕಳಿಸಿದರೆ ಬಂಡೆ ಸುಮ್ಮನಾಗುತ್ತಿತ್ತು.

ಶೇಖರ ಅಲ್ಲೇ ಕುಕ್ಕರಿಸಿದ. "ಅಯ್ಯೋ ತಲ್ಲೀ" ಎಂದ, ಅಯ್ಯೋ ತಾಯಿ ಎಂದು ತನ್ನ ತೆಲುಗಿನಲ್ಲಿ.

ಕಾರಣ ಸಿಕ್ಕಿದರೆ ಕೆಲಸ ಮುಗಿದಂತೆ ಎಂದು ಪಾಠದಲ್ಲಿ ಹೇಳುತ್ತಿದ್ದೆ. ಇಲ್ಲಿ ಮುಗಿಯಲಿಲ್ಲ. ಕಂಬದ ತಂತಿ ಜೋಡಿಸಿಕೊಡಿ ಎಂದು ವಿದ್ಯುತ್ ಕಚೇರಿಯಲ್ಲಿ ಹೇಳಿಬಂದೆವು. ಆ ಮಳೆಯಲ್ಲಿ ಜಿಲ್ಲೆಯ ಎಷ್ಟೋ ಕಂಬಗಳು ಒರಗಿದ್ದವು, ನಮ್ಮ ಸರದಿ ಬರಲಿಲ್ಲ. ಅಲ್ಲಿಯವರೆಗೆ ಮಿಷನ್ ನಿಲ್ಲಿಸಿ ಎಂದು ನಾನು ಕೇಳಿದೆ.

"ಮಿಷನ್ ನಿಂದ್ರಿಸಿದ್ರ ಗುಂಡು ನಿಂದ್ರತೈತೇನ್ರಿ?" ಎಂದರು ಹುಸೇನ್‌ಬಿ.

"ನಿಲ್ಲೋದಿಲ್ಲ ಅಕ್ಕ. ಅದು ನಿಂತಿದೆಯೋ ಇಲ್ಲವೋ ನಮಗೆ ಕಾಣಿಸ್ತದೆ."

"ಕಾಣಿಸಿದ್ರ ನಿಮಗ ಅನುಕೂಲ. ಉಣ್ಣಾಕ ನಮಗ ಜೇಬು ಹೊಲೀಬೇಕ್ರಿ."

ಕೊನೆಗೆ ಒಂದು ಒಪ್ಪಂದವಾಯಿತು. ನಮಗೆ ಅಳತೆ ಬೇಕಾದಾಗ ಫೋನು ಮಾಡುತ್ತೇವೆ, ಅವರು ಸ್ವಲ್ಪ ಹೊತ್ತು ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯುತ್ತಾರೆ. ಆ ನಡುವಿನ ಹೊತ್ತಿನಲ್ಲಿ ಗೆರೆ ತೆಳ್ಳಗೆ, ಶುದ್ಧವಾಗಿ ಕಾಣುತ್ತಿತ್ತು. ದಿನಕ್ಕೆ ಕೆಲವು ಸಲ ಬಳ್ಳಾರಿಯಿಂದ ನಾನು "ಅಕ್ಕ, ನಿಲ್ಲಿಸ್ರಿ" ಎನ್ನುವುದು, ಅವರು "ನಿಂದ್ರಿಸಿದೆ, ನೋಡ್ರಿ" ಎನ್ನುವುದು. ಒಮ್ಮೊಮ್ಮೆ ಫೋನು ಇಡದೆ ಹಾಗೇ ಕೇಳುತ್ತಿದ್ದರು, "ಏನಂತೈತ್ರಿ?" ನಾನು "ಸರಿ ಇದೆ" ಎನ್ನುತ್ತಿದ್ದೆ.

ಸರಿ ಇತ್ತೇ? ಮಳೆ ಜೋರಾಗಿದ್ದ ಒಂದು ವಾರದಲ್ಲಿ ಆ ಶುದ್ಧ ಗೆರೆಯೂ ನಿಧಾನವಾಗಿ ಇಳಿಯಿತು. ಮಿತಿ ದಾಟುವಷ್ಟಲ್ಲ, ಆದರೆ ಇಳಿಯಿತು. ಈ ಸಲ ಮಿಷನ್ ನಿಂತಿತ್ತು. ಅಲೆ ಇರಲಿಲ್ಲ. ಬಂಡೆ ಸರಿಯುತ್ತಿರಬಹುದು, ಕೊಳವೆಯೊಳಗಿನ ನೀರು ಅಳತೆಯನ್ನು ಕೆಡಿಸುತ್ತಿರಬಹುದು, ಎರಡೂ ಇರಬಹುದು. ಕೊಳವೆ ಬದಲಾಯಿಸಿದರೆ ಹಳೆಯ ಅಳತೆಗೂ ಹೊಸದಕ್ಕೂ ಸಂಬಂಧ ತಪ್ಪುತ್ತದೆ. ಬದಲಾಯಿಸದಿದ್ದರೆ ನೀರು ಹಾಗೇ ಇರುತ್ತದೆ. ಹೊಸ ಕೊಳವೆಯನ್ನು ಪಕ್ಕದಲ್ಲಿ ಇನ್ನೊಂದು ಕಡೆ ಬಿಗಿಯೋಣವೆಂದರೆ ಅದು ಬರುವ ಹೊತ್ತಿಗೆ ಮಳೆ ಹಿಂದೆಗೆದಿತ್ತು. ಆಗ ನೆನಪಾದದ್ದು, ಎರಡನೆಯ ಸಲ ಮನೆ ಖಾಲಿ ಮಾಡಿಸಿದಾಗ ಗೆರೆ ಪೂರ್ತಿ ಮೇಲೆ ಬಂದಿತ್ತೇ ಎಂಬ ಪ್ರಶ್ನೆ. ಆಗ ನಮ್ಮ ಬಳಿ ಇದ್ದದ್ದು ಕೆಟ್ಟ ಸರಾಸರಿ ಮಾತ್ರ. ಪೂರ್ತಿ ಬಂದಿದ್ದರೆ ಕಲ್ಲು ಆವರೆಗೆ ಅಲುಗಿರಲಿಲ್ಲ. ಬಂದಿರದಿದ್ದರೆ ಆಗಲೇ ಶುರುವಾಗಿತ್ತು. ನನಗೆ ಒಂದು ನೆನಪು, ಶೇಖರನಿಗೆ ಇನ್ನೊಂದು. ಕೆಟ್ಟ ಅಂಕಿಗಳಿಂದ ಅದನ್ನು ತೀರ್ಮಾನಿಸಲು ಇಬ್ಬರಿಂದಲೂ ಆಗಲಿಲ್ಲ.

ದಸರೆಯ ಹೊತ್ತಿಗೆ ಅಧಿಕಾರಿ ಗುಡ್ಡದ ಬುಡಕ್ಕೇ ಬಂದರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ಬೇಡವೆಂದು ಕಾಸಿಂಸಾಬರ ಕಟ್ಟೆಯ ಮೇಲೆ ಕೂತರು.

"ಸರಿದಿದೆಯೋ ಇಲ್ಲವೋ?"

"ಹೇಳಲಿಕ್ಕೆ ಆಗೋದಿಲ್ಲ ಸರ್."

"ಇಡೀ ಮಳೆಗಾಲ ಅಳೆದಿದ್ದೀರಿ."

"ಅಳೆದದ್ದರಲ್ಲಿ ಬಂಡೆ ಎಷ್ಟು, ಗದ್ದಲ ಎಷ್ಟು, ನೀರು ಎಷ್ಟು ಅಂತ ಬೇರೆ ಮಾಡೋಕೆ ಆಗ್ತಿಲ್ಲ."

ಅವರು ತಲೆಯೆತ್ತಿ ಬಂಡೆಯನ್ನು ನೋಡಿದರು. "ಸರಿದಿದೆ ಅಂದ್ರೆ ಇವರಿಗೆ ಬೇರೆ ಜಾಗ ಕೊಡಿಸಬಹುದು. ಸರಿದಿಲ್ಲ ಅಂದ್ರೆ ಧೈರ್ಯವಾಗಿ ಇರಿ ಅನ್ನಬಹುದು. ಹೇಳಕ್ಕಾಗಲ್ಲ ಅಂದ್ರೆ ನಾನು ಏನು ಮಾಡ್ಲಿ, ನೀವೇ ಹೇಳಿ."

ಕಾಸಿಂಸಾಬ್ ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದವರು ನನ್ನ ಹತ್ತಿರ ಬಂದರು. "ಸರ, ಓದಿದವ್ರು ಅದೀರಿ. ಸುಳ್ಳಾದ್ರೂ ಅಡ್ಡಿಲ್ಲ, ಒಂದ ಮಾತು ಹೇಳ್ರಿ. ನಾವು ಅದನ್ನ ಹಿಡಕೊಂಡು ಹೋಗ್ತೀವಿ."

ಹೇಳಬಹುದಿತ್ತು. ಸರಿದಿದೆ ಎಂದಿದ್ದರೆ ಬೇರೆ ಜಾಗ ಸಿಗುತ್ತಿತ್ತೋ ಏನೋ. ಸಿಗದೆ ಭವನದಲ್ಲೇ ವರ್ಷ ಕಳೆಯುತ್ತಿದ್ದರೋ ಏನೋ.

"ಬಿಡ್ರಿ" ಎಂದರು ಹುಸೇನ್‌ಬಿ ಗಂಡನಿಗೆ. "ಅವ್ರಿಗೆ ಗೊತ್ತಿದ್ರ ಹೇಳ್ತಿದ್ದಿಲ್ಲೇನು?"

ಕೇಬಲ್ ಸುತ್ತಿಕೊಂಡು, ಮೊಳೆಗಳನ್ನು ಬಂಡೆಯಲ್ಲೇ ಬಿಟ್ಟು ಇಳಿದೆವು. ಮನೆಯವರು ಅಲ್ಲೇ ಉಳಿದರು. ಉಳಿಯಿರಿ ಎಂದು ಯಾರೂ ಹೇಳಿರಲಿಲ್ಲ.

ಈ ಸಲ ಸಿರುಗುಪ್ಪದ ಗಿರಣಿಯ ಕೆಲಸ ಮುಗಿಸಿ ಬಳ್ಳಾರಿಗೆ ಹೊರಟವನು ತೆಕ್ಕಲಕೋಟೆ ದಾಟಿದ ಮೇಲೆ ಕುರುಗೋಡಿನ ಕಡೆ ಗಾಡಿ ತಿರುಗಿಸಿದೆ. ಮಳೆ ಹಿಂದೆಯೇ ಬರುತ್ತಿತ್ತು. ಗುಂಡು ಇದ್ದಲ್ಲೇ ಇತ್ತು. ಕೆಳಗೆ ಮನೆಯೂ ಇತ್ತು. ಮುಂದೆ ಹೊಸದಾಗಿ ತಗಡು ಇಳಿಸಿದ್ದರು. ಕಂಬದಿಂದ ಎರಡೂ ತಂತಿ ಬಂದಿದ್ದವು.

ಮಿಷನ್ನಿನ ಮುಂದಿದ್ದ ಹುಸೇನ್‌ಬಿ ಗುರುತು ಹಿಡಿದರು. "ಸರ, ನೀವೇನ್ರಿ? ಬರ್ರಿ. ತಲಿ ಎಲ್ಲಾ ಬೆಳ್ಳಗಾಗೇತಲ್ರಿ. ಮತ್ತ ವೈರ್ ಎಳಿಯಾಕ ಬಂದೀರೇನು?"

"ಇಲ್ಲ ಅಕ್ಕ, ಸುಮ್ಮನೆ."

"ಸುಮ್ಮನ ಯಾರೂ ಈ ಮನಿಗೆ ಬರಂಗಿಲ್ರಿ" ಎಂದು ನಕ್ಕು ಚಹಾಕ್ಕೆ ಮಗಳನ್ನು ಒಳಗೆ ಕಳಿಸಿದರು. ಅತ್ತೆ ಇನ್ನೂ ಇದ್ದರು, ಗುಡ್ಡದ ಕಡೆಯ ಗೋಡೆಯ ಬದಿಗೆ ಹಾಸಿದ್ದ ಚಾಪೆಯ ಮೇಲೆ. ಕಾಸಿಂಸಾಬ್ ಹೊರಗೆ ತಗಡಿನ ಕೆಳಗೆ ಯಾರೊಂದಿಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು.

ಬಟ್ಟೆ ತಿರುಗಿಸುತ್ತ ಹುಸೇನ್‌ಬಿ ಕೇಳಿದರು, "ಈಗರ ಖರೇ ಹೇಳ್ರಿ. ಆವಾಗ ಅದು ಅಲುಗಿತ್ತೇನು? ಈಗ ಹೇಳಿದ್ರ ಯಾರೂ ಏನೂ ಅನ್ನಂಗಿಲ್ಲ."

"ಗೊತ್ತಿಲ್ಲ ಅಕ್ಕ."

"ಇನ್ನೂ ಗೊತ್ತಿಲ್ಲ?"

"ಇನ್ನೂ ಗೊತ್ತಿಲ್ಲ."

ಅಷ್ಟರಲ್ಲಿ ಮಳೆ ಬಂದು ತಗಡಿನ ಮೇಲೆ ಸುರಿಯತೊಡಗಿತು. ಹೊಲಿಗೆ ಅರ್ಧಕ್ಕೆ ನಿಂತಿತು. ಹುಸೇನ್‌ಬಿ ಕಾಲು ತೆಗೆದಿದ್ದರು. ಹೊರಗೆ ಕಾಸಿಂಸಾಬ್ ಮಾತು ನಿಲ್ಲಿಸಿದರು. ಒಳಗೆ ಮಗಳು ಸ್ಟವ್ ಆರಿಸಿದಳು. ಮಳೆ ಬಂದಾಗಲೆಲ್ಲ ಮಾಡುವ ರೂಢಿಯಂತೆ ಎಲ್ಲರೂ ಗುಡ್ಡದ ಕಡೆ ಕಿವಿಗೊಟ್ಟರು. ಮುದುಕಿ ಗುಡ್ಡದ ಕಡೆಯ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕೂತರು.

ನಾನೂ ಉಸಿರು ಹಿಡಿದು ಕೇಳಿದೆ. ತಗಡಿನ ಮೇಲೆ ಮಳೆ. ಅದರಾಚೆ ಏನಾದರೂ ಇದ್ದರೆ ಅದನ್ನು ಮಳೆಯಿಂದ ಬೇರೆ ಮಾಡಿ ಕೇಳಲು ನನಗೆ ಬರಲಿಲ್ಲ.

ತುಸು ಹೊತ್ತಿನ ಮೇಲೆ ಮುದುಕಿ ಗೋಡೆಯಿಂದ ಕೈ ತೆಗೆದರು. ಹುಸೇನ್‌ಬಿ ಮತ್ತೆ ಕಾಲು ಒತ್ತಿದರು.